ಈ ಕೇಸು ಇನ್ನೊಂದು ಸಲ ತಡೆಯುತ್ತಾ?

ಓದುಗರ ಪ್ರಶ್ನೆ: ನಾನು ಕೊಡಗಿನವನು. ಹನ್ನೊಂದು ವರ್ಷದಿಂದ ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ನನ್ನ .308 ವಿಂಚೆಸ್ಟರ್ ಬೋಲ್ಟ್ ಆಕ್ಷನ್ ರೈಫಲ್‌ಗೆ ಮೂರು ವರ್ಷದಿಂದ ಮನೆಯಲ್ಲೇ ತೋಟಾ ತುಂಬಿಕೊಳ್ಳುತ್ತೇನೆ. 100 ಹಿತ್ತಾಳೆ ಕೇಸುಗಳಿವೆ (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಖಾಲಿ ಕೊಳವೆ), ಎಲ್ಲಾ ನಾಲ್ಕು ಸಲ ಹೊಡೆದದ್ದು. ಈ ಸಲ ತೊಳೆದು ನೋಡಿದಾಗ ಹತ್ತು ಹನ್ನೆರಡು ಕೇಸುಗಳ ತಳದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡಿತು. ಎರಡರ ಕತ್ತು, ಅಂದರೆ ಬುಲೆಟ್ ಹಿಡಿಯುವ ಬಾಯಿ ಭಾಗ, ಸೀಳಿದೆ. ಜೊತೆಗೆ ಪಕ್ಕದ ಮನೆಯ ಹಿರಿಯರು ಒಂದು ಬಕೆಟ್ ಹಳೇ ಕೇಸು ಕೊಟ್ಟಿದ್ದಾರೆ, ಕೆಲವು ಹಸಿರುಗಟ್ಟಿವೆ. ಶೂಟಿಂಗ್ ರೇಂಜ್‌ನಲ್ಲಿ ಒಬ್ಬರು ‘ಮೂರು ಸಲ ಆಯ್ತು ಅಂದ್ರೆ ಬಿಸಾಕು’ ಅಂತಾರೆ. ಇನ್ನೊಬ್ಬರು ‘ಹತ್ತು ಸಲ ಧಾರಾಳ’ ಅಂತಾರೆ. ಓವನ್‌ನಲ್ಲಿಟ್ಟು ಕಾಯಿಸಿದರೆ ಹಿತ್ತಾಳೆ ಮತ್ತೆ ಹೊಸದಾಗುತ್ತೆ ಅಂತಲೂ ಕೇಳಿದೆ. ನನ್ನ ಹೆಂಡತಿ ಹುಣಸೆಹಣ್ಣು ಹಾಕಿ ತೊಳೆದರೆ ಕೇಸುಗಳು ಫಳಫಳ ಹೊಳೆಯುತ್ತವೆ, ಅದರಿಂದ ತೊಂದರೆ ಇದೆಯಾ? ತಮ್ಮ ಎಚ್-1ಬಿಯಲ್ಲಿ ಇಲ್ಲೇ ಇದ್ದಾನೆ, ಈ ಕೆಲಸದಲ್ಲಿ ಕೈ ಜೋಡಿಸಬಹುದಾ? ಊರಿಗೆ ಹೋಗುವಾಗ ಅಪ್ಪನಿಗೆ ತೋರಿಸಲು ನಾಲ್ಕು ಖಾಲಿ ಕೇಸು ಒಯ್ಯಬಹುದಾ?

ಉತ್ತರ:

ಮೊದಲು ಒಂದು ಕೆಲಸ ಮಾಡಿ. ಆ 100 ಕೇಸುಗಳಲ್ಲಿ ಒಂದಕ್ಕೂ ಸದ್ಯ ಮದ್ದು ತುಂಬಬೇಡಿ. ತುಂಬಿಟ್ಟದ್ದಿದ್ದರೆ ಪಕ್ಕಕ್ಕಿಡಿ. ಕತ್ತು ಸೀಳಿದ್ದು ಕಣ್ಣಿಗೆ ಕಾಣುತ್ತದೆ, ಅದನ್ನು ಎಸೆದುಬಿಡುತ್ತೀರಿ. ನನಗೆ ಚಿಂತೆ ಆ ಹೊಳೆಯುವ ಗೆರೆಯದ್ದು.

ನಾನು ಹೊಟ್ಟೆಪಾಡಿಗೆ ಲೋಹದ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಮುರಿದ ಭಾಗ ತಂದುಕೊಟ್ಟರೆ ಯಾಕೆ ಮುರಿಯಿತು ಅಂತ ಹೇಳುವುದು ನನ್ನ ಕೆಲಸ. ತೋಟಾ ತುಂಬುವ ಹವ್ಯಾಸಕ್ಕೆ ಇಪ್ಪತ್ತು ವರ್ಷ ದಾಟಿತು. ಎರಡೂ ಸೇರಿ ನನಗೆ ಕಲಿಸಿದ್ದು ಒಂದೇ: ಕೇಸನ್ನು ಎಷ್ಟು ಸಲ ಹೊಡೆದಿರಿ ಅನ್ನುವ ಲೆಕ್ಕ ಅದರ ಆಯಸ್ಸು ಹೇಳುವುದಿಲ್ಲ. ಪ್ರತಿ ಸಲ ಅದನ್ನು ಎಷ್ಟು ಎಳೆದಿರಿ ಅನ್ನುವುದು ಹೇಳುತ್ತದೆ. ಮೂರು ಸಲಕ್ಕೇ ಸತ್ತ ಕೇಸು ನೋಡಿದ್ದೇನೆ. ಹದಿನೈದು ದಾಟಿಯೂ ಗಟ್ಟಿಯಾಗಿದ್ದದ್ದನ್ನೂ ನೋಡಿದ್ದೇನೆ. ನಿಮ್ಮ ರೇಂಜ್‌ನ ಇಬ್ಬರೂ ಅವರವರ ರೈಫಲ್ ಮಟ್ಟಿಗೆ ಸರಿಯೇ ಇರಬಹುದು. ನಿಮ್ಮ ರೈಫಲ್‌ಗೆ ಆ ಲೆಕ್ಕ ಬರುವುದಿಲ್ಲ ಅಷ್ಟೇ.

ಗುಂಡು ಹಾರುವ ಕ್ಷಣದಲ್ಲಿ ಆಗುವುದು ಇದು. ರೈಫಲ್‌ನ ಪಿನ್ ತಳಕ್ಕೆ ಬಡಿದಾಗ ಕೇಸು ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂದೆ ತೋಟಾ ಕೂರುವ ಗೂಡಿನಲ್ಲಿ, ಮುಂದಕ್ಕೆ ಸರಿಯುತ್ತದೆ. ಒತ್ತಡ ಏರಿದಾಗ ಮುಂಭಾಗದ ತೆಳು ಗೋಡೆ ಮೊದಲು ಉಬ್ಬಿ ಚೇಂಬರಿಗೆ ಕಚ್ಚಿಕೊಳ್ಳುತ್ತದೆ. ತಳ ದಪ್ಪ. ಅದು ಹಾಗೆ ಉಬ್ಬುವುದಿಲ್ಲ, ಹಿಂದಕ್ಕೆ ಸರಿದು ಬೋಲ್ಟ್ ಮುಖಕ್ಕೆ (ಬೋಲ್ಟ್ ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಚಿಲಕ) ಒರಗುತ್ತದೆ. ಮುಂದಿನದು ಅಲ್ಲಾಡುತ್ತಿಲ್ಲ, ಹಿಂದಿನದು ಸರಿಯುತ್ತಿದೆ. ನಡುವೆ ಸಿಕ್ಕ ಹಿತ್ತಾಳೆ ಎಳೆಯಲೇಬೇಕು, ಅಲ್ವಾ? ಅದು ಎಳೆಯುವ ಜಾಗ ತಳದಿಂದ ಕಾಲು ಇಂಚು ಚಿಲ್ಲರೆ ಮೇಲೆ, ದಪ್ಪ ತಳ ಮುಗಿದು ಗೋಡೆ ತೆಳುವಾಗಲು ಶುರುವಾಗುವ ಕಡೆ. .308ಕ್ಕೆ ಅಮೆರಿಕದಲ್ಲಿ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ನಿಮ್ಮ ಕಾರಿನ ಟೈರ್‌ನಲ್ಲಿ ಇರುವುದು ಮೂವತ್ತು ಚಿಲ್ಲರೆ.

ಹಾಗೆ ಒಮ್ಮೆ ಎಳೆದ ಕೇಸು ನಿಮ್ಮ ಚೇಂಬರಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ ಥರ ಆಗಿರುತ್ತದೆ. ಅಲ್ಲಿಗೆ ಬಿಟ್ಟರೆ ಮುಂದಿನ ಸಲ ಎಳೆತ ಕಮ್ಮಿ. ಆದರೆ ನಾವು ಮಾಡುವುದೇನು? ಡೈಯೊಳಗೆ, ಅಂದರೆ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಿನೊಳಗೆ ಹಾಕಿ, ಕತ್ತಿನ ಕೆಳಗಿನ ಇಳಿಜಾರಾದ ಹೆಗಲನ್ನು ಮತ್ತೆ ಹಿಂದಕ್ಕೆ ಒತ್ತುತ್ತೇವೆ. ಎಷ್ಟು ಹಿಂದಕ್ಕೆ ಒತ್ತಿದೆವೋ ಅಷ್ಟು ಖಾಲಿ ಜಾಗ. ಆ ಜಾಗದಷ್ಟು ಹಿತ್ತಾಳೆ ಮತ್ತೆ ಎಳೆಯುತ್ತದೆ.

ನನ್ನ ಅನುಮಾನ ನಿಮ್ಮ ಡೈ ಮೇಲೆ. ಡೈ ಜೊತೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ‘ಶೆಲ್ ಹೋಲ್ಡರ್‌ಗೆ ತಾಗುವವರೆಗೆ ತಿರುಗಿಸಿ, ಆಮೇಲೆ ಇನ್ನೂ ಸ್ವಲ್ಪ ತಿರುಗಿಸಿ’ ಅಂತಿರುತ್ತದೆ (ಶೆಲ್ ಹೋಲ್ಡರ್ ಅಂದರೆ ಕೇಸಿನ ತಳ ಹಿಡಿಯುವ ಭಾಗ). ತೋಟಾ ಯಾವ ರೈಫಲ್‌ಗೂ ಹಿಡಿಸಲಿ ಅಂತ ಬರೆದದ್ದು. ಕೇಸು ಬಾಳಿಕೆ ಬರಲಿ ಅಂತಲ್ಲ. ಬೋಲ್ಟ್ ಆಕ್ಷನ್ ರೈಫಲ್‌ಗೆ ಹೆಗಲು ಒಂದೆರಡು ಥೌ, ಅಂದರೆ 0.001ರಿಂದ 0.002 ಇಂಚು ಹಿಂದೆ ಹೋದರೆ ಸಾಕು. ತಾನೇ ಲೋಡ್ ಆಗುವ ರೈಫಲ್ ಆದರೆ ಮೂರ್ನಾಲ್ಕು ಥೌ. ಚೀಟಿ ನಂಬಿ ಡೈ ಕೂರಿಸಿದರೆ ಎಂಟು ಹತ್ತು ಥೌ ಹೋದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ, ಗುರಿಯೂ ಸರಿ ಇರುತ್ತದೆ. ನೀವು ಖುಷಿಯಾಗಿರುತ್ತೀರಿ, ಹಿತ್ತಾಳೆ ಸದ್ದಿಲ್ಲದೆ ತೆಳುವಾಗುತ್ತಿರುತ್ತದೆ.

ನಾನೂ ಇದನ್ನೇ ಮಾಡಿದ್ದೆ. ಶುರುವಿನ ಎರಡು ವರ್ಷ ಚೀಟಿಯೇ ನನಗೆ ವೇದವಾಕ್ಯ. ಒಂದು ಚಳಿಗಾಲದ ಬೆಳಿಗ್ಗೆ, ಆರನೇ ಸಲದ ಕೇಸು. ಗುಂಡು ಹೊಡೆದ ಸದ್ದು ಮಾಮೂಲಿನಂತೆಯೇ ಇತ್ತು. ಕೆನ್ನೆಗೆ ಬಿಸಿ ಉಸಿರು ತಾಗಿದ ಹಾಗಾಯಿತು. ಬೋಲ್ಟ್ ಎಳೆದರೆ ಬಂದದ್ದು ತಳದ ಬಿಲ್ಲೆ ಮಾತ್ರ. ಉಳಿದ ಕೇಸು ಚೇಂಬರಿನಲ್ಲೇ ಕೂತಿತ್ತು. ಕಣ್ಣಿಗೆ ಕನ್ನಡಕ ಇತ್ತು. ಏನೂ ಆಗಲಿಲ್ಲ. ಆ ಸಂಜೆ ಉಳಿದ 49 ಕೇಸುಗಳನ್ನೂ ಉದ್ದುದ್ದ ಕೊಯ್ದು ನೋಡಿದೆ. ಮೂವತ್ತಕ್ಕಿಂತ ಜಾಸ್ತಿ ಕೇಸುಗಳ ಒಳಗೆ ಅದೇ ಎತ್ತರದಲ್ಲಿ ಉಗುರಿನಿಂದ ಗೀಚಿದ ಹಾಗೆ ಕಚ್ಚು ಬಿದ್ದಿತ್ತು. ಹೊರಗಡೆ ಗೆರೆ ಕಂಡಿದ್ದು ಐದಾರರಲ್ಲಿ ಮಾತ್ರ.

ಅದಕ್ಕೇ ಹೇಳುವುದು, ಹೊರಗೆ ನೋಡಿ ತೀರ್ಮಾನ ಮಾಡಬೇಡಿ. ಹೊಳೆಯುವ ಗೆರೆಗಳಲ್ಲಿ ಎರಡು ಥರ. ಡೈ ಕೇಸನ್ನು ಹಿಂಡುತ್ತಾ ಬಂದು ನಿಂತ ಜಾಗದಲ್ಲೂ ಒಂದು ಹೊಳೆಯುವ ಪಟ್ಟಿ ಬರುತ್ತದೆ. ಅದು ನಿರುಪದ್ರವಿ, ಹೆಚ್ಚುಕಮ್ಮಿ ಎಲ್ಲಾ ಕೇಸುಗಳಲ್ಲೂ ಒಂದೇ ರೀತಿ ಇರುತ್ತದೆ. ಹಿತ್ತಾಳೆ ಎಳೆದು ಬಂದ ಗೆರೆ ಸಣ್ಣದು, ಬೆಳ್ಳಗಿರುತ್ತದೆ. ಕೆಲವು ಕೇಸಿಗೆ ಇರುತ್ತದೆ, ಕೆಲವಕ್ಕಿಲ್ಲ. ನಿಮ್ಮದು ನೂರರಲ್ಲಿ ಹತ್ತು ಹನ್ನೆರಡು ಅಂದಿರಿ, ಅದೇ ನನಗೆ ಹಿಡಿಸದ ವಿಷಯ.

ಒಳಗೆ ನೋಡಲು ದುಬಾರಿ ಉಪಕರಣ ಬೇಡ. ಒಂದು ಪೇಪರ್ ಕ್ಲಿಪ್ ಬಿಚ್ಚಿ ನೆಟ್ಟಗೆ ಮಾಡಿ. ತುದಿಯ ಎಂಟನೇ ಒಂದು ಇಂಚನ್ನು ಅಡ್ಡಕ್ಕೆ ಬಗ್ಗಿಸಿ, ಅರದಿಂದ ಉಜ್ಜಿ ಚೂಪು ಮಾಡಿ. ಕೇಸಿನ ಬಾಯಿಂದ ತಳದವರೆಗೆ ಇಳಿಸಿ, ಗೋಡೆಗೆ ಒತ್ತಿ ನಿಧಾನ ಮೇಲಕ್ಕೆ ಎಳೆಯಿರಿ. ಹೊಸ ಕೇಸಿನಲ್ಲಿ ಮೊದಲು ಅಭ್ಯಾಸ ಮಾಡಿ, ಅಲ್ಲಿ ಕ್ಲಿಪ್ ಬೆಣ್ಣೆ ಮೇಲೆ ಹೋದ ಹಾಗೆ ಹೋಗುತ್ತದೆ. ಎಳೆದ ಕೇಸಿನಲ್ಲಿ ಒಂದು ಕಡೆ ‘ಟಕ್’ ಅಂತ ಸಿಕ್ಕಿಕೊಳ್ಳುತ್ತದೆ. ಸುತ್ತಲೂ ನಾಲ್ಕು ಕಡೆ ಹೀಗೆ ನೋಡಿ. ಸಿಕ್ಕಿಕೊಂಡರೆ ಕೇಸು ಮುಗಿಯಿತು. ಅನುಮಾನ ಬಂದರೂ ಮುಗಿಯಿತು ಅಂತಲೇ ತಿಳಿಯಿರಿ. ಒಂದು ಹೊಸ ಕೇಸಿಗೆ ಡಾಲರ್ ಆಸುಪಾಸು. ಅಷ್ಟಕ್ಕೆ ರೈಫಲ್ ಜೊತೆ ವಾದ ಮಾಡಬಾರದು.

ಗೆರೆ ಇರುವುದರಲ್ಲಿ ಎರಡು, ಗೆರೆ ಇಲ್ಲದ್ದರಲ್ಲಿ ಎರಡು ತೆಗೆದು ಉದ್ದಕ್ಕೆ ಕೊಯ್ದು ನೋಡಿ. ಪ್ರೈಮರ್, ಊರಲ್ಲಿ ನಾವು ಕೇಪು ಅನ್ನುತ್ತೇವಲ್ಲ, ಅದು ಹೊಡೆದದ್ದೇ ಅಂತ ಖಾತ್ರಿ ಮಾಡಿಕೊಂಡು ಗರಗಸ ಹಿಡಿಯಿರಿ. ಗೆರೆ ಇಲ್ಲದ್ದರ ಒಳಗೂ ಕಚ್ಚು ಕಂಡರೆ 100ನ್ನೂ ಗುಜರಿಗೆ ಹಾಕಿ. ನಾಲ್ಕೇ ಸಲಕ್ಕೆ ಹೀಗಾಗಿದೆ ಅಂದರೆ ನೂರಕ್ಕೂ ಅದೇ ಡೈ, ಅದೇ ಚೇಂಬರ್. ಒಂದು ಅಗುಳು ನೋಡಿದರೆ ಅನ್ನ ಬೆಂದಿದ್ದು ತಿಳಿಯುತ್ತದೆ. ಕಚ್ಚು ಗೆರೆ ಇದ್ದದ್ದಕ್ಕೆ ಮಾತ್ರ ಸೀಮಿತವಾಗಿದ್ದರೆ, ಉಳಿದ ಪ್ರತಿಯೊಂದಕ್ಕೂ ಕ್ಲಿಪ್ ಹಾಕಿ ನೋಡಿ, ಡೈ ಸರಿಮಾಡಿ ಇನ್ನೊಂದು ಸಲ ಬಳಸಬಹುದು. ಆದರೆ ಒಂದು ಮಾತು, ಎಳೆದು ತೆಳುವಾದ ಹಿತ್ತಾಳೆ ಮತ್ತೆ ದಪ್ಪವಾಗುವುದಿಲ್ಲ. ಡೈ ಸರಿಮಾಡಿದರೆ ಹೊಸ ಹಾನಿ ನಿಲ್ಲುತ್ತದೆ, ಹಳೆಯದು ಹಾಗೇ ಇರುತ್ತದೆ. ನಾನಾಗಿದ್ದರೆ ಹೊಸ 100 ಕೊಂಡು, ಕ್ಯಾಲಿಪರ್‌ಗೆ ಹಾಕಿ ಹೆಗಲಿನ ಎತ್ತರ ಅಳೆಯುವ ಕಂಪ್ಯಾರೇಟರ್ ಕೊಂಡು, ಹೊಡೆದ ಕೇಸಿನ ಹೆಗಲು ಅಳೆದು, ಡೈಯನ್ನು ಎರಡು ಥೌಗೆ ಕೂರಿಸಿ ಹೊಸದಾಗಿ ಶುರು ಮಾಡುತ್ತಿದ್ದೆ.

ಎಳೆದ ಹಿತ್ತಾಳೆ ಮುಂದಕ್ಕೂ ಹರಿಯುತ್ತದೆ. ಅದಕ್ಕೇ ಕತ್ತು ಉದ್ದವಾಗುವುದು. .308 ಕೇಸಿನ ಗರಿಷ್ಠ ಉದ್ದ 2.015 ಇಂಚು, ಕತ್ತರಿಸಿ ತರಬೇಕಾದದ್ದು 2.005ಕ್ಕೆ. ಉದ್ದ ಬಿಟ್ಟರೆ ಕತ್ತಿನ ತುದಿ ಚೇಂಬರಿನ ಮುಂದಿನ ಅಂಚಿಗೆ ಸಿಕ್ಕಿ ಬುಲೆಟ್ಟನ್ನು ಬಿಗಿಯಾಗಿ ಹಿಡಿಯುತ್ತದೆ, ಒತ್ತಡ ಏಕಾಏಕಿ ಏರುತ್ತದೆ. ಪ್ರತಿ ಸಲವೂ ತುಂಬಾ ಕತ್ತರಿಸಬೇಕಾಗಿ ಬರುತ್ತಿದೆ ಅಂದರೆ ಅದೂ ಡೈ ತಪ್ಪಿನ ಸುಳಿವೇ. ಆ ಉದ್ದ ಎಲ್ಲಿಂದ ಬಂತು ಹೇಳಿ?

ಇನ್ನು ಸೀಳಿದ ಕತ್ತು. ಇದು ನೋಡಲು ಭಯಂಕರ, ಅಪಾಯ ಕಮ್ಮಿ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ಗಡುಸಾಗಿ ಪಟ್ಟನೆ ಮುರಿಯುತ್ತದಲ್ಲ, ಅದೇ ಇಲ್ಲೂ. ಹೊಡೆದಾಗ ಹಿಗ್ಗುತ್ತದೆ, ಡೈಯಲ್ಲಿ ಕುಗ್ಗುತ್ತದೆ, ಬುಲೆಟ್ ಕೂರಿಸುವಾಗ ಮತ್ತೆ ಹಿಗ್ಗುತ್ತದೆ. ಸೀಳಿದ ಎರಡನ್ನು ಎಸೆಯಿರಿ. ಉಳಿದವೂ ಗಡುಸಾಗಿವೆ, ಹದ ಮಾಡುವ ಹೊತ್ತು ಬಂದಿದೆ ಅಂತ ತಿಳಿಯಿರಿ.

ಹದ ಮಾಡುವುದು ನಮ್ಮವರಿಗೆ ಹೊಸದಲ್ಲ. ಚೆಂಬು ಬಡಿಯುವ ಕಂಚುಗಾರರು ಎರಡು ಸುತ್ತು ಬಡಿದು ಮತ್ತೆ ಕುಲುಮೆಗೆ ಹಾಕುತ್ತಾರೆ, ಇಲ್ಲದಿದ್ದರೆ ಅಂಚು ಬಿರಿಯುತ್ತದೆ. ತೋಟಾದ ಹಿತ್ತಾಳೆ 70 ಪಾಲು ತಾಮ್ರ, 30 ಪಾಲು ಸತು. ಕಾಯಿಸಿದರೆ ಮೆತ್ತಗಾಗುತ್ತದೆ. ವ್ಯತ್ಯಾಸ ಇಷ್ಟೇ: ಚೆಂಬು ಪೂರ್ತಿ ಮೆತ್ತಗಾದರೂ ಪರವಾಗಿಲ್ಲ. ಕೇಸಿನ ಕತ್ತು, ಹೆಗಲು ಮಾತ್ರ ಮೆತ್ತಗಾಗಬೇಕು. ತಳ ಗಡುಸಾಗಿಯೇ ಇರಬೇಕು, 62,000 ಪೌಂಡ್ ತಡೆಯುವುದು ಅದೇ. ಈಗ ಓವನ್ ಕತೆ ನೀವೇ ಯೋಚಿಸಿ. ಓವನ್ ತಳ-ಕತ್ತು ಭೇದ ಮಾಡುವುದಿಲ್ಲ. ಬಿಸಿ ಸಾಲದಿದ್ದರೆ ಕರೆಂಟ್ ದಂಡ, ಸಾಕಷ್ಟಾದರೆ ತಳವೂ ಬೆಣ್ಣೆ. ಓವನ್‌ನಲ್ಲಿ ಹದ ಮಾಡಿದ ಕೇಸನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಸರಿಯಾದ ದಾರಿ ಅಂದರೆ ಕತ್ತಿಗೆ ಮಾತ್ರ ಕೆಲವೇ ಸೆಕೆಂಡ್ ಜ್ವಾಲೆ, ಸುಮಾರು 400 ಡಿಗ್ರಿ ಸೆಲ್ಸಿಯಸ್. ಕೇಸು ತಿರುಗುತ್ತಿರಬೇಕು. ಇಂತಿಷ್ಟು ಬಿಸಿಗೆ ಕರಗುವ ಬಣ್ಣ ಸಿಗುತ್ತದೆ, ಅದನ್ನು ಹಚ್ಚಿ ಅಳತೆ ಹಿಡಿಯಿರಿ. ಹಗಲು ಬೆಳಕಿನಲ್ಲೂ ಕತ್ತು ಕೆಂಪಗೆ ಕಂಡರೆ ಬಿಸಿ ಮಿತಿ ಮೀರಿದೆ. ನೀರಿಗೆ ಹಾಕಿದರೆ ಗಡುಸಾಗುತ್ತದೆ ಅನ್ನುವುದು ಉಕ್ಕಿನ ಮಾತು, ಹಿತ್ತಾಳೆಗೆ ಹೊಂದುವುದಿಲ್ಲ. ನೀರು ಬಿಸಿಯನ್ನು ತಳಕ್ಕೆ ಇಳಿಯದಂತೆ ನಿಲ್ಲಿಸುತ್ತದೆ, ಅಷ್ಟೇ. ಹದ ಮಾಡಿದರೆ ಕತ್ತು ಬಾಳಿಕೆ ಬರುತ್ತದೆ. ತಳದ ಮೇಲಿನ ಕಚ್ಚಿಗೆ ಇದು ಮದ್ದಲ್ಲ. ಇವೆರಡನ್ನೂ ಕಲಸಿಕೊಳ್ಳುವವರು ಬಹಳ.

ಕೇಪು ಕೂರುವ ಗುಂಡಿಯನ್ನೂ ನೋಡಿ. ಹೊಸ ಪ್ರೈಮರ್ ಒತ್ತುವಾಗ ಕೈಗೆ ಬಿಗಿ ತಿಳಿಯಬೇಕು. ಹೆಬ್ಬೆರಳಲ್ಲೇ ಸಲೀಸಾಗಿ ಕೂತರೆ ಗುಂಡಿ ಸಡಿಲ, ರಿಪೇರಿ ಇಲ್ಲ. ಹೊಡೆದ ಪ್ರೈಮರಿನ ಸುತ್ತ ಕಪ್ಪು ಮಸಿ ಇದ್ದರೆ ಅಲ್ಲಿಂದ ಗ್ಯಾಸ್ ಸೋರಿದೆ ಅಂತ ಅರ್ಥ, ಅದೂ ಗುಜರಿಗೆ. ಒಂದೇ ಬ್ಯಾಚ್‌ನಲ್ಲಿ ನಾಲ್ಕೈದು ಸಡಿಲವಾಗಿವೆ, ಬೋಲ್ಟ್ ಎತ್ತಲು ಬಿಗಿಯಾಗುತ್ತಿದೆ ಅಂದರೆ ಕೇಸನ್ನು ದೂರಬೇಡಿ, ನೀವು ತುಂಬುವ ಮದ್ದಿನ ಲೆಕ್ಕ ಜೋರಾಗಿದೆ.

ಈಗ ಹುಣಸೆಹಣ್ಣು. ಹೊಳಪಿನ ಮಟ್ಟಿಗೆ ನಿಮ್ಮ ಹೆಂಡತಿ ಮಾಡಿದ್ದು ಸರಿಯೇ. ಹುಳಿ ಆಮ್ಲ ಮೇಲಿನ ಕಿಲುಬು ತೆಗೆಯುತ್ತದೆ. ಇಲ್ಲಿ ಜನ ಸಿಟ್ರಿಕ್ ಆಸಿಡ್ ಹಾಕುವುದೂ ಅದಕ್ಕೇ. ಐದು ಹತ್ತು ನಿಮಿಷ ಸಾಕು. ರಾತ್ರಿಯಿಡೀ ನೆನೆಹಾಕಿದರೆ ಮೇಲ್ಮೈನ ಸತು ಕರಗಿ ಕೇಸು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನನ್ನ ತಕರಾರು ಹುಣಸೆಹಣ್ಣಿನ ಮೇಲಲ್ಲ, ಅಡುಗೆಮನೆಯ ಮೇಲೆ. ಸಾಮಾನ್ಯ ಪ್ರೈಮರಿನಲ್ಲಿ ಸೀಸದ ಸಂಯುಕ್ತ ಇರುತ್ತದೆ. ಕೇಸಿನ ಒಳಗಿನ ಕಪ್ಪು ಪುಡಿಯಲ್ಲಿ ಸೀಸ ಇದೆ. ಅದು ಸಿಂಕಿಗೆ, ಪಾತ್ರೆ ತಿಕ್ಕುವ ನಾರಿಗೆ, ಮಕ್ಕಳ ತಟ್ಟೆಗೆ ಹೋಗುತ್ತದೆ. ಮಕ್ಕಳ ಮಿದುಳಿಗೆ ಸೀಸ ಎಷ್ಟೇ ಕಮ್ಮಿ ಇದ್ದರೂ ಒಳ್ಳೆಯದಲ್ಲ. ಬೇರೆ ಬಕೆಟ್, ಬೇರೆ ಜರಡಿ ಇಟ್ಟುಕೊಂಡು ಗ್ಯಾರೇಜ್‌ನಲ್ಲಿ, ಕೈಗವಸು ಹಾಕಿ ತೊಳೆಯಿರಿ. ಒಣ ಪುಡಿಯಲ್ಲಿ ಉರುಳಿಸುವ ಟಂಬ್ಲರ್ ಇದ್ದರೆ ಧೂಳು ಮನೆಯೊಳಗೆ ಬರಬಾರದು. ಆ ಸಿಂಕನ್ನು ಇವತ್ತೇ ಚೆನ್ನಾಗಿ ತೊಳೆದುಬಿಡಿ.

ಕೇಸಿಗೆ ತಾಗಿಸಲೇಬಾರದ್ದು ಅಮೋನಿಯಾ. ಅಂಗಡಿಯ ಹಿತ್ತಾಳೆ ಪಾಲಿಶ್‌ಗಳಲ್ಲಿ ಹಲವಕ್ಕೆ ಅದು ಬೆರೆಸಿರುತ್ತಾರೆ. ಇದರ ಕತೆ ನಮ್ಮ ದೇಶದ್ದೇ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳ ಹಿತ್ತಾಳೆ, ಯಾರೂ ಮುಟ್ಟದಿದ್ದರೂ ತಾನಾಗಿ ಬಿರುಕು ಬಿಡುತ್ತಿತ್ತು. ಮಳೆಗಾಲ ಬಂತೆಂದರೆ ಶುರು. ಕಾರಣ ತಿಳಿದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಅವರ ಕೆಲಸದಿಂದ. ಕುದುರೆ ಗಂಜಲದ ಅಮೋನಿಯಾ ತೇವದ ಜೊತೆ ಸೇರಿ, ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗಿತವನ್ನು ಹಿಡಿದು ಸೀಳುತ್ತಿತ್ತು. ಲ್ಯಾಬ್‌ಗೆ ಬರುವ ಹೊಸ ಹುಡುಗರಿಗೆ ನಾನು ಮೊದಲು ಹೇಳುವ ಕತೆ ಇದೇ.

ಪಕ್ಕದ ಮನೆಯವರ ಬಕೆಟ್ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ನನಗೆ ಅದರ ಮೇಲೆ ಆಸೆ ಇಲ್ಲ. ಎಷ್ಟು ಸಲ ಹೊಡೆದದ್ದು, ಯಾವ ರೈಫಲ್‌ನಲ್ಲಿ, ಯಾವ ಡೈಯಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಬೇಕೇ ಬೇಕು ಅಂದರೆ ಮೊದಲು ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಉಕ್ಕು, ತೆಗೆದಿಡಿ. ಆಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ. ತಳದಲ್ಲಿ ನಡುವೆ ಒಂದು ತೂತು ಇದ್ದರೆ ಬಾಕ್ಸರ್ ಥರದ ಪ್ರೈಮರಿನ ಕೇಸು, ನಿಮ್ಮ ಉಪಕರಣಕ್ಕೆ ಸರಿ. ಎರಡು ಸಣ್ಣ ತೂತಿದ್ದರೆ ಬರ್ಡನ್, ಹಳೇ ಪ್ರೈಮರ್ ತಳ್ಳುವ ನಿಮ್ಮ ಡೈಯ ಪಿನ್ ಮುರಿಯುತ್ತದೆ. (ಬಾಕ್ಸರ್ ಇಂಗ್ಲಿಷರವನು, ಅವನದ್ದು ಅಮೆರಿಕದಲ್ಲಿ ಓಡಿತು. ಬರ್ಡನ್ ಅಮೆರಿಕದವನು, ಅವನದ್ದು ಯೂರೋಪಿನಲ್ಲಿ.) ತಳದ ಅಚ್ಚು ಓದಿ ಬೇರೆ ಬೇರೆ ಮಾಡಿ. .243, 7ಎಂಎಂ-08 ಅನ್ನುವ ತೋಟಾಗಳೆರಡೂ .308 ಕೇಸಿನಿಂದಲೇ ಹುಟ್ಟಿದವು, ರಾಶಿಯಲ್ಲಿ ಕಣ್ಣು ತಪ್ಪುತ್ತದೆ. ವೃತ್ತದೊಳಗೆ ಕೂಡುವ ಚಿಹ್ನೆ ಇದ್ದರೆ ಸೈನ್ಯದ್ದು. ಅದರ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಮ್ಮಿ, ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ. ಹಸಿರು ಒರೆಸಿದರೆ ಹೋಗಿ ಕೆಳಗೆ ನುಣುಪಿದ್ದರೆ ಪರವಾಗಿಲ್ಲ. ಕೆಳಗೆ ಗುಳಿ ಬಿದ್ದಿದ್ದರೆ ಬೇಡ. ಹೊಡೆಯದ ತೋಟಾ ನಡುವೆ ಸೇರಿಕೊಂಡಿರಬಹುದು, ಕೈ ಹಾಕುವ ಮೊದಲು ಸುರಿದು ನೋಡಿ. ಶೆಡ್‌ನಲ್ಲಿ ಇಟ್ಟದ್ದಾದರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ. ನನಗೆ ಎರಡು ಸಲ ಸಿಕ್ಕಿದೆ.

ಗುಜರಿಗೆ ಹಾಕುವಾಗ ಇಕ್ಕಳದಿಂದ ಕತ್ತು ಜಜ್ಜಿ ಹಾಕಿ. ಇಲ್ಲದಿದ್ದರೆ ಇನ್ಯಾರೋ ‘ಚೆನ್ನಾಗಿದೆಯಲ್ಲ’ ಅಂತ ಎತ್ತಿಕೊಳ್ಳುತ್ತಾರೆ.

ತಮ್ಮನ ವಿಷಯ. ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಲೈಸೆನ್ಸ್ ಬೇಕಿಲ್ಲ, ಮಾರುವ ವ್ಯಾಪಾರಕ್ಕೆ ಬೇಕು. ಆದರೆ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಒಂದೆರಡು ವಿನಾಯಿತಿಗಳಿವೆ. ಆ ಕಾನೂನಿನ ಪ್ರಕಾರ ‘ತೋಟಾ’ ಅಂದರೆ ಪೂರ್ತಿ ತೋಟಾ ಮಾತ್ರ ಅಲ್ಲ. ಕೇಸು, ಪ್ರೈಮರ್, ಬುಲೆಟ್, ಮದ್ದು ಎಲ್ಲವೂ ಸೇರುತ್ತವೆ. ಸುಮ್ನೆ ಸಹಾಯಕ್ಕೆ ಅಂತ ಕೂತವನ ವೀಸಾ ಹೋಗಬಾರದು. ವಕೀಲರನ್ನು ಕೇಳುವವರೆಗೆ ಅವನು ಆ ಬೆಂಚಿನಿಂದ ದೂರ ಇರಲಿ.

ಅಪ್ಪನಿಗೆ ನಾಲ್ಕು ಕೇಸು? ಬೇಡ. ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ನಂಬಿಕೊಂಡು ವಿಮಾನ ಹತ್ತಬೇಡಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ತೋಟಾದ ಭಾಗಗಳು ತೋಟಾದ ಲೆಕ್ಕಕ್ಕೇ ಬರುತ್ತವೆ. ಸ್ಕ್ಯಾನರ್‌ಗೆ ಖಾಲಿಯೋ ತುಂಬಿದ್ದೋ ಮುಖ್ಯ ಅಲ್ಲ, ಆಕಾರ ಕಂಡರೆ ಸಾಕು, ಬ್ಯಾಗ್ ಬಿಚ್ಚಿಸುತ್ತಾರೆ. ಆಮೇಲೆ ಪೊಲೀಸ್ ಸ್ಟೇಷನ್, ತಪ್ಪಿದ ವಿಮಾನ. ಬ್ಯಾಗ್ ಹಳೇದಾಗಿದ್ದು ರೇಂಜ್‌ಗೂ ಅದನ್ನೇ ಒಯ್ಯುತ್ತಿದ್ದರೆ ಮೂಲೆ ಮೂಲೆಯನ್ನೂ ಬೋರಲು ಹಾಕಿ ಕೊಡವಿ ನೋಡಿ, ಹೊಲಿಗೆ ಸಂದಿಯಲ್ಲಿ ಒಂದು ಕೂತಿರುತ್ತದೆ. ಅಪ್ಪನಿಗೆ ಕೊಯ್ದ ಕೇಸಿನ ಫೋಟೋ ಕಳಿಸಿ, ಒಳಗಿನ ಕಚ್ಚು ಕಾಣುವ ಹಾಗೆ ಪಕ್ಕದಿಂದ ಬೆಳಕು ಬಿಟ್ಟು ತೆಗೆಯಿರಿ. ಅದೇ ಫೋಟೋ ನನಗೂ ಕಳಿಸಿದರೆ, ಡೈ ಎಷ್ಟು ಹಿಂದಕ್ಕೆ ತಿರುಗಿಸಬೇಕು ಅನ್ನುವ ಅಂದಾಜು ಹೇಳುತ್ತೇನೆ.